ಹನ್ನೆರಡು ವ್ಯಾಗನ್ನುಗಳ ಕೊಳೆ

ತಪ್ಪು ನನ್ನದೇ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೊನೆಯಲ್ಲಿ ಹೇಳಿದರೆ ನೀವೆಲ್ಲ ಕಾಮೆಂಟಿನಲ್ಲಿ "ಪಾಪ, ನಿಮಗೇನು ಗೊತ್ತಿತ್ತು" ಎಂದು ಬರೆಯುತ್ತೀರಿ. ಗೊತ್ತಿರಲಿಲ್ಲ, ನಿಜ. ಕೇಳಬಹುದಿತ್ತು. ಕೇಳಲಿಲ್ಲ.

ನಾವು ನೈರೋಬಿಗೆ ಬಂದು ಆರು ವರ್ಷವಾಯಿತು. ಮನೆ ಲೊರೆಶೋದಲ್ಲಿ, ನನ್ನ ಕೆಲಸ ಅಪ್ಪರ್ ಹಿಲ್‌ನ ಒಂದು ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿ. ಮೈಸೂರಿನಲ್ಲಿದ್ದಾಗ ಸೀರೆಗೆ ಕುಚ್ಚು ಕಟ್ಟುವುದು ನನ್ನ ಹವ್ಯಾಸವಾಗಿತ್ತು. ಇಲ್ಲಿ ಸೀರೆ ಉಡುವವರೂ ಕಮ್ಮಿ, ಕುಚ್ಚು ಕೇಳುವವರೂ ಕಮ್ಮಿ. ಎರಡು ವರ್ಷದ ಹಿಂದೆ ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಬಂತು: ಕರೆನ್ ಬಡಾವಣೆಯಲ್ಲಿರುವ ನಿವೃತ್ತ ಗಣಿತದ ಮೇಷ್ಟ್ರೊಬ್ಬರಿಗೆ ತೆಳು ತಂತಿಯ ಕೆಲಸ ಮಾಡುವವರು ಬೇಕಾಗಿದ್ದಾರೆ, ಕೈ ನಡುಗಬಾರದು. ಒಂದು ಶನಿವಾರ ಹೋದೆ.

ಮೇಷ್ಟ್ರು ಐರ್ಲೆಂಡಿನವರು. ವಯಸ್ಸು ಎಪ್ಪತ್ತೆಂಟು. ಪಾಠ ಹೇಳಲು ಹರೆಯದಲ್ಲಿ ಕೀನ್ಯಾಕ್ಕೆ ಬಂದವರು ಇಲ್ಲೇ ಉಳಿದರು. ಮದುವೆಯಾಗಲಿಲ್ಲ. ಮನೆಯ ಹಿಂದಿನ ಕೋಣೆಯ ಮೂರು ಗೋಡೆಗೆ ಒತ್ತಿ ಬೆಂಚು, ಬೆಂಚಿನ ಮೇಲೆ ಹಳಿ, ಹಳಿಯ ಮೇಲೆ ಅವರ ದೇಶದ ರೈಲಿನ ಮಾದರಿ. ನಿಜದ ಒಂದು ಅಡಿಗೆ ಅಲ್ಲಿ ನಾಲ್ಕು ಮಿಲಿಮೀಟರ್. ಗೇಣುದ್ದದ ಬೋಗಿಗಳು, ಕಿತ್ತಳೆ ಬಣ್ಣಕ್ಕೆ ಕಪ್ಪು ಪಟ್ಟೆ, ಕಿಟಕಿಯ ಒಳಗೆ ಅಕ್ಕಿಕಾಳಿನಷ್ಟು ಪುಟ್ಟ ಮೇಜಿನ ದೀಪ. ನಮ್ಮ ಮಾತು ನಡೆಯುತ್ತಿದ್ದದ್ದು ಇಂಗ್ಲಿಷಿನಲ್ಲಿ. ನನಗೆ ನೆನಪಿರುವುದು ಮಾತ್ರ ಕನ್ನಡದಲ್ಲೇ, ಹಾಗೇ ಬರೆಯುತ್ತೇನೆ.

"ಅಂಗಡೀಲಿ ಸಿಗೋ ಹಳಿ ಇಂಗ್ಲೆಂಡಿನ ರೈಲಿಗೆ," ಅಂದರು. "ನಮ್ಮದು ಅದಕ್ಕಿಂತ ಅಗಲ. ಐದಡಿ ಮೂರಿಂಚು. ಅದಕ್ಕೇ ಹಳಿ ಕೂಡ ನಾನೇ ಮಾಡ್ಕೋತೀನಿ."

"ನಮ್ಮಲ್ಲಿ ಐದಡಿ ಆರಿಂಚು," ಅಂದೆ.

ಕನ್ನಡಕ ತೆಗೆದು ನನ್ನನ್ನು ನೋಡಿದರು. "ಮೂರಿಂಚಿಗೆ ಇಷ್ಟು ಜಂಬಾನಾ, ಹುಡುಗಿ?"

ನಲವತ್ತೊಂಬತ್ತರ ನನ್ನನ್ನು ಹುಡುಗಿ ಎಂದು ಕರೆಯುವವರು ಭೂಮಿಯ ಮೇಲೆ ಅವರೊಬ್ಬರೇ ಉಳಿದಿದ್ದರು. ಪ್ರತಿ ಶನಿವಾರ ಹೋಗತೊಡಗಿದೆ. ಬಾಗಿಲ ಪಕ್ಕದ ಕೈಹಿಡಿಗೆ ಕೂದಲೆಳೆಯಂಥ ತಂತಿ ಬಗ್ಗಿಸುವುದು, ಬೋಗಿಯಿಂದ ಬೋಗಿಗೆ ಹೋಗುವ ಕೊಳವೆ ಕೂರಿಸುವುದು, ಕೊಂಡಿ ಹಾಕುವುದು. ಕುಚ್ಚಿನ ಕೈಗೆ ಇದೆಲ್ಲ ಬೇಗ ಬಂತು. ಅವರ ಕೈ ನಡುಗುತ್ತಿತ್ತು. ಮೊದಲು ಬಲಗೈ ಮಾತ್ರ, ಆಮೇಲೆ ಎರಡೂ. ಟೀ ಕಪ್ಪನ್ನು ಅರ್ಧ ಮಾತ್ರ ತುಂಬಿಸಿ ಎಂದು ಮನೆ ನೋಡಿಕೊಳ್ಳುವ ಹೆಂಗಸಿಗೆ ಹೇಳಿಟ್ಟಿದ್ದರು.

ನಮ್ಮ ಯಜಮಾನರಿಗೆ ಇದೊಂದು ತಮಾಷೆ. "ಐರ್ಲೆಂಡಿನ ರೈಲು, ನೈರೋಬೀಲಿ, ಮೈಸೂರಿನವಳು ಮಾಡೋದು. ಸಾರಿಗೆ ಉಪ್ಪು ಯಾಕೆ ಬಿದ್ದಿಲ್ಲ ಅಂತ ಈಗ ಗೊತ್ತಾಯ್ತು ಬಿಡು."

ಮೇಷ್ಟ್ರ ಮನೆಯ ನಿಯಮ ಎರಡೇ. ಒಂದು, ಯಾವುದನ್ನೂ ಪಕ್ಕದಲ್ಲಿ ಹಿಡಿಯಕೂಡದು, ಎರಡು ತುದಿಯಲ್ಲಿ ಹಿಡಿಯಬೇಕು. ಇನ್ನೊಂದು, ಬೋಗಿ ಫಳಫಳ ಇರಬೇಕು. ಒಮ್ಮೆ ಚಾವಣಿಯ ಮೇಲೆ ನನ್ನ ಬೆರಳಚ್ಚು ಬಿದ್ದಿತ್ತು, ಅದಕ್ಕೆ ಅರ್ಧ ಗಂಟೆ ಬೈಸಿಕೊಂಡೆ. "ಪ್ರಯಾಣಿಕರ ಬೋಗಿ ದಿನಾ ತೊಳೀತಾರೆ. ಕೊಳಕು ಬೋಗಿ ಅಂದ್ರೆ ಸ್ಟೇಷನ್ನಿಗೇ ಅವಮಾನ." ಇದು ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು. ಮೇಷ್ಟ್ರೆಂದರೆ ಚೊಕ್ಕಟ.

ಕಳೆದ ವರ್ಷ ಸೆಪ್ಟೆಂಬರಿನಲ್ಲಿ, ಕರೆನ್‌ನ ಮನೆ ಖಾಲಿ ಮಾಡಿ ಊರಿಗೆ ಹೋಗುತ್ತೇನೆ ಎಂದರು. ಅಲ್ಲಿ ಅವರ ಅಣ್ಣ ಇದ್ದಾರೆ, ಎಂಬತ್ತಮೂರು ವರ್ಷ. ಪಾರ್ಶ್ವವಾಯು ಹೊಡೆದು ಮಾತು ಹೋಗಿದೆ. ಆರೈಕೆ ಮನೆಯೊಂದರಲ್ಲಿದ್ದಾರೆ. ಅದೇ ಮನೆಯಲ್ಲಿ ಮೇಷ್ಟ್ರಿಗೂ ಒಂದು ಕೋಣೆ ಸಿಕ್ಕಿದೆ. ರೈಲುಗಳಲ್ಲಿ ಬಹುಪಾಲನ್ನು ಅವರಿವರಿಗೆ ಕೊಟ್ಟರು. ಹನ್ನೆರಡು ವ್ಯಾಗನ್ನು ಮಾತ್ರ ಒಂದು ಡಬ್ಬಿಯಲ್ಲಿಟ್ಟು, ಮನೆಯ ಹೆಂಗಸಿನ ಕೈಲಿ ನನ್ನ ಕಾರಿನಲ್ಲಿ ಇಡಿಸಿದರು. ಅವನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಕೊಂಡಿ ಸಡಿಲ ಆಗಿದೆ. ಕೊಂಡಿ ಮಾತ್ರ," ಅಂದರು.

ಮನೆಗೆ ತಂದು ಬಿಚ್ಚಿದರೆ ನನಗೆ ಬೇಸರವೇ ಆಯಿತು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಉದ್ದದ ವ್ಯಾಗನ್ನುಗಳು, ಒಂದು ಡಬ್ಬಿಯ ಮೇಲೆ ಇನ್ನೊಂದು ಡಬ್ಬಿ ಕೂರಿಸಿದ ಹಾಗೆ ಎತ್ತರ. ಮೈತುಂಬ ಕೆಂಪು ಧೂಳು. ಕರೆನ್‌ನಲ್ಲಿ ಮಳೆಗೆ ಮುಂಚೆ ಯಾರ ಮನೆಗೆ ಹೋದರೂ ಕಿಟಕಿ, ಪರದೆ, ಅಕ್ಕಿ ಡಬ್ಬಿ ಎಲ್ಲದರ ಮೇಲೆ ಅದೇ ಧೂಳು. ಪಾಪ, ಕೈಲಾಗದೆ ಒರೆಸುವುದನ್ನೇ ಬಿಟ್ಟಿದ್ದಾರೆ ಅಂದುಕೊಂಡೆ. ಹನ್ನೆರಡಕ್ಕೂ ಕೊಂಡಿ ಸರಿಮಾಡಿದೆ. ಅಷ್ಟರಲ್ಲಿ ಆಯುಧಪೂಜೆ ಬಂತು.

ನಮ್ಮ ಮನೆಯಲ್ಲಿ ಆಯುಧಪೂಜೆ ಅಂದರೆ ಮಿಕ್ಸಿಯಿಂದ ಹಿಡಿದು ಮಗಳ ಲ್ಯಾಪ್‌ಟಾಪಿನವರೆಗೆ ಎಲ್ಲವೂ ಪೂಜೆಗೆ. ತೊಳೆಯದೆ ಒರೆಸದೆ ಯಾವುದಕ್ಕೂ ಕುಂಕುಮ ಇಡುವ ಹಾಗಿಲ್ಲ. ಕಾರು ತೊಳೆದೆ. ಕುಚ್ಚಿನ ಸೂಜಿ ಒರೆಸಿದೆ. ರೈಲಿನ ಕೆಲಸದ ಇಕ್ಕಳ, ಚಿಮಟ ಒರೆಸಿದೆ. ಕೊನೆಗೆ ಆ ಡಬ್ಬಿ ಕಣ್ಣಿಗೆ ಬಿತ್ತು. ಇವೂ ಗಾಡಿಯೇ ಅಲ್ಲವೇ. ಉಗುರುಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ಸೋಪು, ಮಗಳ ಹಳೆಯ ಮೆದು ಬ್ರಷ್. ಒಂದೊಂದನ್ನೇ ತುದಿಯಲ್ಲಿ ಹಿಡಿದು ತೊಳೆದೆ, ನಿಯಮ ತಪ್ಪಲಿಲ್ಲ. ಬೋಗುಣಿಯ ನೀರು ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಕೆಳಗಿನಿಂದ ಚೆಂದದ ಕಂದು ಬಣ್ಣ ಬಂತು. ಬೆಂಕಿಕಡ್ಡಿಯ ತುದಿಯಿಂದ ಪ್ರತಿಯೊಂದಕ್ಕೂ ಗಂಧ, ಕುಂಕುಮ ಇಟ್ಟೆ. ಫೋಟೋ ತೆಗೆದು ಮೇಷ್ಟ್ರಿಗೆ ಕಳಿಸಬೇಕೆಂದಿದ್ದೆ, ನೈವೇದ್ಯದ ಗಡಿಬಿಡಿಯಲ್ಲಿ ಮರೆತೆ.

ಸಂಜೆ ಮಗಳು ಬಂದು ನೋಡಿದಳು. ಅವಳಿಗೆ ಹದಿನೇಳು. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಬರುವುದು ಇಂಗ್ಲಿಷಿನಲ್ಲಿ.

"ಅಮ್ಮಾ. ಡಿಡ್ ಯೂ ವಾಷ್ ದೀಸ್?"

"ಹೂಂ. ಎಷ್ಟು ಕೊಳೆ ಇತ್ತು ನೋಡ್ಬೇಕಿತ್ತು ನೀನು."

ಅವಳು ಫೋನಿನಲ್ಲಿ ಏನೋ ಹುಡುಕಿ ನನ್ನ ಮುಂದೆ ಹಿಡಿದಳು. ಯಾರೋ ಒಬ್ಬರು ಪುಟ್ಟ ವ್ಯಾಗನ್ನಿಗೆ ಬ್ರಷ್ಷಿನಿಂದ ಧೂಳು ಹಚ್ಚುವ ವಿಡಿಯೋ. ಒಂದು ವ್ಯಾಗನ್ನಿಗೆ ನಲವತ್ತು ನಿಮಿಷ. ನಾನು ಪೂರ್ತಿ ನೋಡಲಿಲ್ಲ.

"ಆ ಡರ್ಟ್ ಅವರೇ ಪೇಂಟ್ ಮಾಡಿದ್ದು," ಅಂದಳು. ಎಂದೂ ಇಲ್ಲದೆ ಕನ್ನಡದಲ್ಲಿ ಹೇಳಿದಳು, ನನಗೆ ಸರಿಯಾಗಿ ತಲುಪಲಿ ಅಂತಲೋ ಏನೋ. ಆಮೇಲೆ, "ಯೂ ಹ್ಯಾವ್ ಟು ಟೆಲ್ ಹಿಮ್."

ಸುಳ್ಳು ಹೇಳುವ ಯೋಚನೆ ಬಂದಿತ್ತು. ಡಬ್ಬಿಗೆ ನೀರು ಬಿತ್ತು ಅನ್ನಬಹುದಿತ್ತು. ಶನಿವಾರ ಕರೆನ್‌ಗೆ ಹೋಗುವ ದಾರಿಯುದ್ದಕ್ಕೂ ಆ ಸುಳ್ಳನ್ನು ತಿದ್ದಿ ತೀಡಿದೆ. ಅವರ ಗೇಟಿನ ಹತ್ತಿರ ಜಕರಂಡಾ ಹೂವು ಉದುರಿ ದಾರಿಯೆಲ್ಲ ನೇರಳೆಯಾಗಿತ್ತು. ಕಾರು ನಿಲ್ಲಿಸಿ ಇಳಿಯುವಷ್ಟರಲ್ಲಿ ಸುಳ್ಳು ಸಾಲದು ಅನ್ನಿಸಿತು.

ಡಬ್ಬಿ ತೆರೆದು ಅವರ ಮುಂದಿಟ್ಟೆ. ಒಂದನ್ನು ಎತ್ತಿಕೊಂಡರು. ಕಣ್ಣಿನ ಹತ್ತಿರ ತಂದರು. ಮೂಸಿ ನೋಡಿದರು.

"ಸೋಪು," ಅಂದರು.

"ತೊಳೆದುಬಿಟ್ಟೆ. ನಮ್ಮ ಹಬ್ಬ ಇತ್ತು. ಧೂಳು ಅಂದ್ಕೊಂಡೆ."

"ಎಷ್ಟು?"

"ಹನ್ನೆರಡೂ."

ವ್ಯಾಗನ್ನನ್ನು ವಾಪಸ್ ಡಬ್ಬಿಯಲ್ಲಿಡಲು ಹೋದರು, ಕೈ ನಡುಗಿ ಅದು ಅಂಚಿಗೆ ತಾಗಿ ಟಕಟಕ ಸದ್ದು ಮಾಡಿತು. ನಾನು ಕೈ ಚಾಚಿದೆ. ಬೇಡ ಎಂದು ತಲೆಯಾಡಿಸಿದರು. ಅವರೇ ಇಟ್ಟರು. ತುಂಬ ಹೊತ್ತು ಹಿಡಿಯಿತು.

"ಮೂರು ವರ್ಷದ ಕೆಲಸ ಅದು," ಅಂದರು. "ಕೈ ಇದ್ದಾಗಿನದು."

ಆಮೇಲೆ ಅವರು ಹೇಳಿದ್ದು ಇಷ್ಟು. ನಮ್ಮಲ್ಲಿ ಕಬ್ಬಿನಿಂದ ಸಕ್ಕರೆ ಮಾಡುವಂತೆ ಅವರಲ್ಲಿ ಒಂದು ಬಗೆಯ ಬಿಳಿ ಬೀಟ್‌ಗೆಡ್ಡೆಯಿಂದ ಮಾಡುತ್ತಿದ್ದರು. ಚಳಿ ಶುರುವಾದಾಗ ಗೆಡ್ಡೆ ಕಿತ್ತು, ಅವರೂರಿನ ಸಣ್ಣ ಸ್ಟೇಷನ್ನಿಗೆ ತಂದು, ಈ ವ್ಯಾಗನ್ನುಗಳಿಗೆ ತುಂಬುತ್ತಿದ್ದರು. ಟ್ರಾಕ್ಟರಿನಿಂದ ತುಂಬುವವರು ಅವರ ಅಣ್ಣ. ಕೆಲಸ ಶುರುವಾದಾಗಿನಿಂದ ನಿವೃತ್ತಿಯವರೆಗೆ ಅದೊಂದೇ ಕೆಲಸ. ಈಗ ಆ ಕಾರ್ಖಾನೆಯೂ ಇಲ್ಲ, ಆ ರೈಲೂ ಇಲ್ಲ. ಅಣ್ಣನಿಗೆ ಫೋಟೋ ತೋರಿಸಿದರೆ ಮುಖ ತಿರುಗಿಸುತ್ತಾರಂತೆ. ಯಾರ ಮುಖವೂ ಅವರಿಗೆ ನೆನಪಿಲ್ಲ. ಈ ವ್ಯಾಗನ್ನುಗಳನ್ನು ಅವರ ಮುಂದೆ ಸಾಲಾಗಿ ನಿಲ್ಲಿಸಿದರೆ ಏನಾದರೂ ಗುರುತು ಸಿಗಬಹುದು ಎಂಬುದು ಮೇಷ್ಟ್ರ ಆಸೆ.

"ವ್ಯಾಗನ್ ಯಾರು ಬೇಕಾದ್ರೂ ಮಾಡ್ತಾರೆ. ಆ ಮಣ್ಣು ಅವನದು. ಅವನು ತುಂಬಿದ್ದು ಒಂದೇ ಕಡೆಯಿಂದ, ಅದಕ್ಕೆ ಆ ಕಡೆ ಜಾಸ್ತಿ, ಈ ಕಡೆ ಕಮ್ಮಿ. ಅವನ ಫೋಟೋ ಇಟ್ಕೊಂಡು ಹಚ್ಚಿದ್ದೆ."

ಹಣೆಯ ಬೊಟ್ಟಿನಂತೆ ವ್ಯಾಗನ್ನಿನ ತುದಿಯಲ್ಲಿದ್ದ ಕುಂಕುಮ ಅವರ ಕಣ್ಣಿಗೆ ಬಿದ್ದಿತ್ತು. "ನೀವು ಹೋಗಿ ಇವತ್ತು," ಅಂದರು. ಹುಡುಗಿ ಅನ್ನಲಿಲ್ಲ.

ಬಾಗಿಲಲ್ಲಿ ಮನೆಯ ಹೆಂಗಸು ನನ್ನ ಮೊಣಕೈ ಮುಟ್ಟಿ, "ಪೊಲೆ, ಮಾಮಾ," ಅಂದಳು, ಸ್ವಾಹಿಲಿಯಲ್ಲಿ "ಅಯ್ಯೋ ಪಾಪ, ಅಮ್ಮಾ" ಅನ್ನುವ ಹಾಗೆ. ಇಲ್ಲಿ ಎಡವಿ ಬಿದ್ದವರಿಗೂ ಸಾವಾದ ಮನೆಯವರಿಗೂ ಹೇಳುವ ಮಾತು ಅದೊಂದೇ.

ಹತ್ತು ದಿನ ಸುದ್ದಿಯಿಲ್ಲ. ನಾನು ಬರೆದ ಮೂರು ಸಂದೇಶಕ್ಕೂ ನೀಲಿ ಟಿಕ್ ಬಿತ್ತು, ಉತ್ತರ ಬರಲಿಲ್ಲ. ಹನ್ನೊಂದನೇ ದಿನ ಆಫೀಸಿನಲ್ಲಿದ್ದಾಗ ಬಂತು: ನಿಮ್ಮಲ್ಲಿರುವ ಅತ್ಯಂತ ಹಳೆಯ ಬ್ರಷ್ ತನ್ನಿ. ಭಾನುವಾರ. ವಿಮಾನ ಹತ್ತಲು ಅವರಿಗೆ ಐದು ವಾರ ಉಳಿದಿತ್ತು.

ಮಣ್ಣು ಅವರ ತೋಟದ್ದೇ, ಬೇಲಿ ಪಕ್ಕದ್ದು. ಹಿಂದೆಯೂ ಅದನ್ನೇ ಹಚ್ಚಿದ್ದರಂತೆ. "ಬಣ್ಣ ಪೂರ್ತಿ ಒಂದೇ ಅಲ್ಲ. ಆದ್ರೆ ನನ್ನ ಹತ್ರ ಇರೋ ಮಣ್ಣು ಇದೇ." ಒಣಗಿಸಿ, ನಮ್ಮ ಮನೆಯ ಕುಟ್ಟಾಣಿಯಲ್ಲಿ ಕುಟ್ಟಿ, ಹಳೆಯ ಹತ್ತಿ ಸೀರೆಯ ಚೂರಿನಲ್ಲಿ ವಸ್ತ್ರಗಾಳಿತ ಮಾಡಿದೆ. ಅದಕ್ಕೆ ಒಂದಿಷ್ಟು ಇದ್ದಿಲ ಪುಡಿ. ಅವರು ಕುರ್ಚಿಯಲ್ಲಿ ಕೂತು ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಹೇಳುವುದು, ನಾನು ಹಚ್ಚುವುದು.

ಮೊದಲ ವ್ಯಾಗನ್ನನ್ನು ತುಂಬ ಹೊತ್ತು ನೋಡಿದರು. "ಎರಡು ಕಡೆ ಒಂದೇ ಥರ ಮಾಡಿದೀರಿ. ಕೊಳೇಗೂ ಸಿಂಗಾರ ಮಾಡ್ತೀರಲ್ಲ."

"ಕೈ ರಂಗೋಲೀದು ಸರ್. ತಾನಾಗೇ ಹಂಗೇ ಹೋಗತ್ತೆ."

"ಒರೆಸಿ. ಮಣ್ಣು ಮೇಲಿಂದ ಬೀಳತ್ತೆ, ಗಾಲಿಯಿಂದ ಮೇಲಕ್ಕೆ ಚಿಮ್ಮತ್ತೆ. ಎರಡೂ ಬೇರೆ. ಅವನು ಟ್ರಾಕ್ಟರ್ ಎಲ್ಲಿ ನಿಲ್ಲಿಸ್ತಿದ್ದ ಅಂತ ಯೋಚನೆ ಮಾಡಿ ಹಚ್ಚಿ."

ಕಾಣದ ಊರಿನ ಕಾಣದ ಮನುಷ್ಯನೊಬ್ಬನ ಟ್ರಾಕ್ಟರನ್ನು ಯೋಚಿಸುತ್ತ ಐದು ಭಾನುವಾರ ಕೂತೆ. ನಾಲ್ಕನೆಯದು ಮೂರು ಸಲ ಒರೆಸಿದ್ದಾಯಿತು. ಒಂಬತ್ತನೆಯದರ ಕುಂಕುಮದ ಕಲೆ ಹೋಗಲೇ ಇಲ್ಲ. "ಬಿಡಿ, ಮೇಲೆ ತುಕ್ಕಿನ ಬಣ್ಣ ಹಚ್ಚಿ," ಅಂದರು.

ಕೊನೆಯ ಭಾನುವಾರ ನಾನು ವಾರ್ನಿಷ್ ಡಬ್ಬಿ ತಂದಿದ್ದೆ. ಒಂದು ಪದರ ಹೊಡೆದರೆ ಇನ್ನು ಯಾರು ತೊಳೆದರೂ ಹೋಗುವುದಿಲ್ಲ.

"ಬೇಡ," ಅಂದರು.

"ನನ್ನಂಥವಳು ಅಲ್ಲೂ ಒಬ್ಬಳಿದ್ರೆ?"

"ವಾರ್ನಿಷ್ ಹೊಡೆದ ಮಣ್ಣು ಮಣ್ಣಲ್ಲ, ಚಿತ್ರ. ಉದುರಿದ್ರೆ ಉದುರ್ಲಿ."

ನಾನು ವಾದ ಮಾಡಿದೆ. ದಾರಿಯಲ್ಲಿ ಅರ್ಧ ಹೋಗುತ್ತದೆ, ನರ್ಸು ಒರೆಸುತ್ತಾಳೆ, ಇಷ್ಟು ಮಾಡಿದ್ದೆಲ್ಲ ಮತ್ತೆ ನೀರುಪಾಲು. ಅವರು ವಾರ್ನಿಷ್ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದರು. ಹನ್ನೆರಡನ್ನೂ ಸಾಲಾಗಿ ನಿಲ್ಲಿಸಿ ಎಂದರು. ನಿಲ್ಲಿಸಿದೆ. ಬಗ್ಗಿ, ಬೆಂಚಿಗೆ ಗಲ್ಲ ತಾಗಿಸಿ, ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದರು.

"ನನ್ನ ಕೆಲಸ ಅಲ್ಲ ಇದು," ಅಂದರು. ತಲೆ ಎತ್ತಿ, "ಆದ್ರೆ ತಪ್ಪಿಲ್ಲ, ಹುಡುಗಿ."

ನವೆಂಬರಿನಲ್ಲಿ ಹೋದರು. ಡಬ್ಬಿಯನ್ನು ವಿಮಾನದಲ್ಲಿ ತೊಡೆಯ ಮೇಲಿಟ್ಟುಕೊಂಡೇ ಹೋದರಂತೆ. ಎರಡು ವಾರದ ನಂತರ ಒಂದು ಮಧ್ಯಾಹ್ನ ವಿಡಿಯೋ ಕರೆ ಬಂತು. ನಾನು ಅಡುಗೆಮನೆಯಲ್ಲಿದ್ದೆ, ಮಗಳು ಪಕ್ಕದಲ್ಲಿ ನಿಂತಳು. ಫೋನು ಹಿಡಿದದ್ದು ಅಲ್ಲಿಯ ನರ್ಸು, ಅದಕ್ಕೇ ಚಿತ್ರ ಅಲುಗಾಡಲಿಲ್ಲ. ಕಿಟಕಿಯ ಪಕ್ಕದ ಮೇಜು, ಮೇಜಿನ ಒಂದು ಕಡೆ ಮೇಷ್ಟ್ರು, ಇನ್ನೊಂದು ಕಡೆ ಗಾಲಿಕುರ್ಚಿಯಲ್ಲಿ ದೊಡ್ಡ ಕೈಗಳ ಮುದುಕರೊಬ್ಬರು. ನಡುವೆ ಹನ್ನೆರಡು ವ್ಯಾಗನ್ನು.

ಅಣ್ಣ ಅವನ್ನು ನೋಡುತ್ತಿರಲಿಲ್ಲ, ಕಿಟಕಿಯ ಆಚೆ ನೋಡುತ್ತಿದ್ದರು. ಹೀಗೇ ಇದ್ದಾನೆ, ಬೆಳಗಿನಿಂದ, ಎಂದು ಮೇಷ್ಟ್ರು ನನಗೆ ಹೇಳಿದರು. ಸಾಲನ್ನು ಸ್ವಲ್ಪ ಹತ್ತಿರಕ್ಕೆ ತಳ್ಳಿದರು. ಕೊಂಡಿ ಬಿಗಿಯಾಗಿತ್ತು, ಹನ್ನೆರಡೂ ಒಟ್ಟಿಗೆ ಸರಿದವು. ಆ ಸದ್ದಿಗೋ ಏನೋ ಅಣ್ಣ ತಿರುಗಿದರು. ತುಂಬ ಹೊತ್ತು ನೋಡಿದರು. ಆಮೇಲೆ ಕೈ ಎತ್ತಿ ಮೂರನೇ ವ್ಯಾಗನ್ನನ್ನು ಪಕ್ಕದಲ್ಲೇ ಹಿಡಿದರು, ಮಣ್ಣು ಜಾಸ್ತಿ ಇದ್ದ ಪಕ್ಕದಲ್ಲಿ.

"ತುದೀಲಿ ಹಿಡ್ಕೋ," ಎಂದು ಮೇಷ್ಟ್ರು ಶುರುಮಾಡಿ ಸುಮ್ಮನಾದರು.

ಅಣ್ಣ ಹೆಬ್ಬೆರಳಿನಿಂದ ಅದರ ಮೈ ಉಜ್ಜಿದರು. ಬೆರಳನ್ನು ಬೆಳಕಿಗೆ ಹಿಡಿದು ನೋಡಿಕೊಂಡರು. ಕೆಂಪಗೆ ಹತ್ತಿತ್ತು. ಅದನ್ನು ಪ್ಯಾಂಟಿನ ತೊಡೆಗೆ ಒಮ್ಮೆ ಜೋರಾಗಿ ಒರೆಸಿಕೊಂಡು, ಮುಂದಿನ ವ್ಯಾಗನ್ನಿಗೆ ಕೈ ಚಾಚಿದರು.