ಮೊದಲು ಹೊತ್ತಬೇಕು, ಆಮೇಲೆ ಆರಬೇಕು

ಬೆಳಗಿನ ಜಾವ ಐದು ಗಂಟೆ. ಬಾಡಿಗೆ ವಾಹನಗಳ ಶೆಡ್ಡಿನಲ್ಲಿ ಮೂವತ್ತೆರಡು ಗಾಡಿಗಳು ಸಾಲಾಗಿ ನಿಂತಿವೆ. ಏಳನೆಯದರ ಚಾಲಕನ ಸೀಟಿನ ತುದಿಯಲ್ಲಿ ಕೂತ ಕುಳ್ಳಗಿನ ಹೆಂಗಸು ಕೀಲಿಯನ್ನು ಅರ್ಧ ಮಾತ್ರ ತಿರುಗಿಸುತ್ತಾರೆ. ಸ್ಟೀರಿಂಗಿನ ಹಿಂದೆ ಕೆಂಪು, ಹಳದಿ ದೀಪಗಳು ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ಯಾವ ದೀಪವೂ ಕೆಟ್ಟಿಲ್ಲ ತಾನೇ ಎಂದು ಅವರು ಬೆರಳು ಮಡಚಿ ಎಣಿಸುತ್ತಾರೆ. ಎಂಜಿನ್ ಚಾಲೂ ಮಾಡಿ, ಹ್ಯಾಂಡ್‌ಬ್ರೇಕ್ ಇಳಿಸಿ, ಎಲ್ಲವೂ ಆರಿದ್ದು ನೋಡಿದ ಮೇಲೆಯೇ ಕೀಲಿ ಗೋಡೆಯ ಮೊಳೆಗೆ ಬೀಳುತ್ತದೆ. ಮೊಳೆಯಲ್ಲಿ ಕೀಲಿ ಇಲ್ಲದ ಗಾಡಿ ಹೊರಗೆ ಹೋಗುವಂತಿಲ್ಲ. ಮಾಲೀಕರ ಕಾರಿಗೂ ಇದೇ ಕಟ್ಟಳೆ.

ಚಾಲಕರೆಲ್ಲ ಅವರನ್ನು ದೀಪದಕ್ಕ ಎನ್ನುತ್ತಾರೆ. ಇಪ್ಪತ್ತು ವರ್ಷದ ಹಿಂದೆ ಗಾಡಿ ತೊಳೆಯಲು ಸೇರಿದವರು. ಓದು ಬರಹ ಅಷ್ಟಕ್ಕಷ್ಟೇ. ಡ್ಯಾಶ್‌ಬೋರ್ಡ್ ಒರೆಸುತ್ತಲೇ ಮೆಕ್ಯಾನಿಕ್ಕಿನ ತಲೆ ತಿಂದು ಒಂದೊಂದೇ ಚಿತ್ರದ ಅರ್ಥ ಕಲಿತರು. "ಈ ಗಿಂಡಿ ಇದೆಯಲ್ಲ, ಅದು ಎಂಜಿನ್ ಎಣ್ಣೇದು. ಓಡೋವಾಗ ಹೊತ್ತಿದ್ರೆ ಅಲ್ಲೇ ನಿಲ್ಲಿಸಿ ಆಫ್ ಮಾಡ್ಬೇಕು. ಹಳದಿ ದೀಪ ಆದ್ರೆ ನಿಧಾನಕ್ಕೆ ತಂದು ತೋರಿಸ್ಬೋದು. ಕೆಂಪಿನ ಹತ್ರ ಮಾತ್ರ ವಾದ ಮಾಡಬಾರ್ದು," ಎನ್ನುತ್ತಾರೆ.

ಹನ್ನೊಂದನೆಯದು ರೋಗಿಗಳನ್ನು ಆಸ್ಪತ್ರೆಗೆ ಒಯ್ಯುವ ವ್ಯಾನು. ಅಲ್ಲಿ ಎಣಿಸುತ್ತಿದ್ದ ಅಕ್ಕನ ಬೆರಳು ನಿಲ್ಲುತ್ತದೆ. ಕೀಲಿ ಮೊಳೆಗೆ ಹೋಗುವುದಿಲ್ಲ. ಅದರ ಚಾಲಕ ಬಿದಿರಿನ ಗಳುವಿನಂತೆ ಆರಡಿ ಮೀರಿದ ಆಸಾಮಿ, ಶೆಡ್ಡಿಗೆಲ್ಲ 'ಗಳು'. ಅವನು ಚಡಪಡಿಸುತ್ತಾನೆ.

"ಅಕ್ಕ, ಡಯಾಲಿಸಿಸ್ ಅಜ್ಜಿ ಗೇಟಲ್ಲಿ ಕಾಯ್ತಿರ್ತಾರೆ. ಕೆಂಪು ದೀಪ ಇಲ್ಲ ಅಂದ್ಮೇಲೆ ಬ್ರೇಕ್ ಚೆನ್ನಾಗಿದೆ ಅಂತ ತಾನೇ?"

"ಹ್ಯಾಂಡ್‌ಬ್ರೇಕ್ ಎಳೆದಿದೆ. ಆದ್ರೂ ಬ್ರೇಕಿನ ದೀಪ ಹೊತ್ತಿಲ್ಲ. ಹುಟ್ಟಿದ ಕೂಸು ಅಳದೇ ಇದ್ರೆ ಗಲಾಟೆ ಇಲ್ಲ ಅಂತ ಖುಷಿ ಪಡ್ತೀಯೇನಪ್ಪ?"

ಅಕ್ಕ ದೀಪಗಳ ಮೇಲಿನ ಗಾಜನ್ನು ಉಗುರಿನಿಂದ ಕೆರೆಯುತ್ತಾರೆ. ಉಗುರಗಲದ ಕಪ್ಪು ಟೇಪು ಕಿತ್ತು ಬರುತ್ತದೆ, ಅಡಿಯಲ್ಲಿ ಕೆಂಪು ದೀಪ ಉರಿಯುತ್ತಿದೆ. ಹ್ಯಾಂಡ್‌ಬ್ರೇಕ್ ಇಳಿಸಿದರೂ ಆರುವುದಿಲ್ಲ. "ನಿನ್ನೆಯಿಂದ ಕಣ್ಣಿಗೆ ಚುಚ್ಚುತ್ತಿತ್ತು, ಅದಕ್ಕೆ..." ಎಂದು ಅವನು ಗೊಣಗುತ್ತಾನೆ. ಮೆಕ್ಯಾನಿಕ್ ಬಂದು ಬಾನೆಟ್ ಎತ್ತಿದರೆ ಬ್ರೇಕ್ ಎಣ್ಣೆಯ ಡಬ್ಬಿ ತಳ ಕಂಡಿದೆ. ಹಿಂದಿನ ಚಕ್ರದ ಒಳಗೆ ಸೋರುತ್ತಿದೆ. ಅಜ್ಜಿ ಹತ್ತು ನಿಮಿಷ ತಡವಾಗಿ, ಬೇರೆ ವ್ಯಾನಿನಲ್ಲಿ, ಕ್ಷೇಮವಾಗಿ ಆಸ್ಪತ್ರೆ ಸೇರುತ್ತಾರೆ.

ಆದರೂ ಅಕ್ಕ ಅವನಿಗೆ ಒಂದು ಮಾತೂ ಬೈಯುವುದಿಲ್ಲ. ಕಾರಣ ಕೇಳಿದರೆ ಕೈಯ ಬಟ್ಟೆಯನ್ನು ನಾಲ್ಕು ಸಲ ಹಿಂಡುತ್ತಾರೆ. ಹದಿನಾರು ವರ್ಷದ ಹಿಂದೆ ಅವರ ಗಂಡನೂ ಇದೇ ಶೆಡ್ಡಿನ ಚಾಲಕ. ಇದೇ ದೀಪ ಕಾಟ ಕೊಟ್ಟಾಗ, ಒರೆಸುತ್ತಿದ್ದ ಹೆಂಡತಿಗೆ ಒಂದು ಚೂರು ಟೇಪು ಹಚ್ಚು ಎಂದರು. ಇವರು ಹಚ್ಚಿದರು. ಮೂರನೆಯ ದಿನ ಇಳಿಜಾರಿನಲ್ಲಿ ಬ್ರೇಕ್ ಹಿಡಿಯಲಿಲ್ಲ. ಗಾಡಿ ಗೋಡೆಗೆ ಗುದ್ದಿತು, ಗಂಡನ ಮೊಣಕಾಲು ಹೋಯಿತು.

"ಅಂಟಿಸಿದ್ದು ಇದೇ ಕೈ. ಯಾವ ಬಾಯಲ್ಲಿ ಬೈಲಿ?"

ಗಂಡ ಈಗ ಕುಂಟುತ್ತಲೇ ನಾಲ್ಕು ಗಂಟೆಗೆ ಎದ್ದು ಹೆಂಡತಿಗೆ ಚಹಾ ಕಾಯಿಸುತ್ತಾರೆ. ಸಕ್ಕರೆ ಮಾತ್ರ ಹದಿನಾರು ವರ್ಷದಿಂದ ಹದಕ್ಕೆ ಬಂದಿಲ್ಲವಂತೆ. "ಟೇಪು ಹಚ್ಚು ಅಂದಿದ್ದು ನಾನು. ತಪ್ಪು ಮಾತ್ರ ಅವಳೊಬ್ಬಳೇ ಹೊತ್ಕೊಂಡಿದ್ದಾಳೆ," ಎಂದು ಅವರು ಲೋಟ ಮುಂದಿಡುತ್ತಾರೆ.

ಅಕ್ಕನ ಆಸೆ ದೊಡ್ಡದಲ್ಲ. "ನಾನು ರಜಾ ಹಾಕಿದ ದಿನ ಅವರವರ ಗಾಡೀನ ಅವರೇ ನೋಡ್ಕೊಂಡು ಹೊರಟ್ರೆ ಸಾಕು. ಒಂದು ದಿನ ಬಿಸಿಲು ಬರೋವರೆಗೆ ಮಲಗ್ಬೇಕು ನಾನು."

ಮರುದಿನ ಐದು ಗಂಟೆಗೆ ಶೆಡ್ಡಿಗೆ ಹೋದರೆ ಹನ್ನೊಂದನೆಯ ಗಾಡಿಯ ಬಾಗಿಲು ಆಗಲೇ ತೆರೆದಿದೆ. ರಿಪೇರಿಯಾದ ವ್ಯಾನಿನಲ್ಲಿ ಗಳು ಮೊಣಕಾಲು ಗದ್ದಕ್ಕೆ ತಾಗಿಸಿ ಕೂತು ಬೆರಳು ಮಡಚುತ್ತಿದ್ದಾನೆ.

"ಅಕ್ಕ, ಎಲ್ಲ ಹೊತ್ತಿದೆ."

ಶೆಡ್ಡಿನ ಬಾಗಿಲ ಬಳಿ ಕೂತ ಅಕ್ಕ ಇದ್ದಲ್ಲಿಂದ ಏಳುವುದಿಲ್ಲ. ಚಹಾದ ಕೊನೆಯ ಗುಟುಕು ಮುಗಿಸುತ್ತಾರೆ.

"ಆರಲಿ. ಆಮೇಲೆ ಹೇಳು."