ಐದು ಸಹಿ ಕೇಳಿದ ಚಾಚಾ

ಮೊನ್ನೆ ಬ್ಯಾಂಕಿನಲ್ಲಿ ಮುದುಕಿಯೊಬ್ಬಳು ಹೆಬ್ಬೆಟ್ಟು ಒತ್ತುತ್ತಿದ್ದಳು. ಸ್ಟಾಂಪ್ ಪ್ಯಾಡಿನ ಶಾಯಿ ವಾಸನೆ ಮೂಗಿಗೆ ಬಡಿದದ್ದೇ ತಡ, ಕೊಪ್ಪಳದ ತಹಶೀಲ್ದಾರ್ ಕಚೇರಿ ಮುಂದೆ ಕೂತು ಅರ್ಜಿ ಬರೆದುಕೊಡುತ್ತಿದ್ದ ಚಾಚಾ ನೆನಪಾದರು...

ಆಗಷ್ಟೇ ಡಿಗ್ರಿಗೆ ಸೇರಿದ್ದೆ. ಸ್ಕಾಲರ್‌ಶಿಪ್ ಬರದಿದ್ದರೆ ಕಾಲೇಜು ಬಿಡಬೇಕಿತ್ತು. ಅದಕ್ಕೆ ಅವ್ವನ ಹೆಸರಲ್ಲಿ ಆದಾಯ ಪ್ರಮಾಣಪತ್ರ ಬೇಕು. ರೇಷನ್ ಕಾರ್ಡಿನಲ್ಲಿ ನೋಡಿದರೆ ಇನ್ನೂ ಅಪ್ಪನದೇ ಯಜಮಾನಿಕೆ. ಅವರಿಬ್ಬರ ವಿಚ್ಛೇದನವಾಗಿ ಎರಡು ವರ್ಷವಾಗಿತ್ತು. ಕೋರ್ಟಿನ ಡಿಕ್ರಿ ಹಿಡಿದು ಚಾಚಾ ಹತ್ತಿರ ಹೋಗಿ, ಕಾಲೇಜಿನ ಚರ್ಚಾಸ್ಪರ್ಧೆಯ ಧಾಟಿಯಲ್ಲೇ ವಾದ ಮಂಡಿಸಿದೆ. ಚಾಚಾ ಪೂರ್ತಿ ಕೇಳಿದರು.

"ಭಾಳ ಛಲೋ ಮಾತಾಡ್ತಿ ಬೇಟಿ. ಈಗ ಓಣ್ಯಾಗಿನ ಐದು ಮಂದಿ ಸಹಿ ತಗೊಂಡ್ ಬಾ. ಪಂಚನಾಮೆಗೆ ಬೇಕು."

"ಡಿಕ್ರಿ ಐತಲ್ರಿ ಚಾಚಾ, ನಡುವ ಓಣ್ಯಾವ್ರು ಯಾಕ್ರಿ?"

"ಬಿಟ್ಟದ್ದು ಡಿಕ್ರಿ ಹೇಳ್ತೈತಿ. ಇವತ್ತ ನಿನಗ ಯಾರು ಉಣಸ್ತಾರ ಅನ್ನೋದು ಓಣ್ಯಾವ್ರೇ ಹೇಳಬೇಕು."

ತೊಡಕಿದ್ದದ್ದೇ ಅಲ್ಲಿ. ವಿಚ್ಛೇದನದ ಸುದ್ದಿ ಮುಚ್ಚಿಟ್ಟು, ಅಪ್ಪ ಕಾರಟಗಿಯ ಅಕ್ಕಿ ಗಿರಣಿಯಲ್ಲಿ ದುಡಿಯುತ್ತಿದ್ದಾನೆ ಅಂತ ಅವ್ವ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಳು. ಸಹಿ ಕೇಳುವುದೆಂದರೆ ಆ ಸುಳ್ಳನ್ನು ಬಾಯಿಬಿಟ್ಟು ಒಪ್ಪುವುದು. "ಓದೋದ ಬ್ಯಾಡ ಬಿಡು" ಅಂದುಬಿಟ್ಟಳು.

ಮರುದಿನ ಇದನ್ನು ಚಾಚಾಗೆ ಹೇಳಿದೆ. ಸಂಜೆಗೆ ಚಾಚಾ ಸೈಕಲ್ ತುಳಿದುಕೊಂಡು ಭಾಗ್ಯನಗರದ ನಮ್ಮ ಮನೆಗೇ ಬಂದರು. ಕಟ್ಟೆ ಮೇಲೆ ಕೂತು ಅವ್ವನಿಗೆ, "ಬಾಜು ಮನಿಯವ್ರೊಬ್ಬರ್ನ ಕರೀ ತಂಗಿ. ಅವರು ಒಲ್ಲೆ ಅಂದ್ರ ನಾ ಎದ್ದು ಹೋಗ್ತೀನಿ" ಅಂದರು.

ಬಾಜು ಮನೆಯ ಅಜ್ಜಿ ಬಂದಳು. ಚಾಚಾ ಓದಿ ಮುಗಿಸುವ ಮೊದಲೇ ಹೆಬ್ಬೆಟ್ಟು ಒತ್ತಿ ಅವ್ವನ ಕಡೆ ತಿರುಗಿದಳು. "ಗಿರಣ್ಯಾಗ ದುಡೀತಾನ ಅಂತಿದ್ದಿ. ಎರಡು ವರ್ಷದಾಗ ಕಾರಟಗಿಂದ ಒಂದು ಹಿಡಿ ಅಕ್ಕಿ ಬಂದದ್ದು ನಾವ್ಯಾರೂ ನೋಡಿಲ್ಲವ್ವಾ."

ಅವ್ವ ನಕ್ಕೇಬಿಟ್ಟಳು. ಉಳಿದ ನಾಲ್ಕು ಸಹಿಗೆ ಚಹಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲ.

ಹೆಂಗಸೊಬ್ಬಳು ಮಗಳನ್ನು ಸಾಕುತ್ತಿದ್ದಾಳೆ ಅನ್ನುವುದಕ್ಕೆ ಐದು ಜನ ಸಾಕ್ಷಿ ಯಾಕೆ? ಆ ವಾದ ನಾನು ಇವತ್ತಿಗೂ ಬಿಟ್ಟಿಲ್ಲ. ಆದರೆ ಸ್ಕಾಲರ್‌ಶಿಪ್ ಬಂತು; ಓಣಿಯಲ್ಲಿ ಅವ್ವನಿಗೆ ಸುಳ್ಳು ಹೇಳುವ ಕೆಲಸವೂ ತಪ್ಪಿತು. ಎರಡನ್ನೂ ಗೆದ್ದದ್ದು ನನ್ನ ವಾದವಂತೂ ಅಲ್ಲ.

ಚಾಚಾ ತೀರಿಕೊಂಡದ್ದು ನನಗೆ ತಿಳಿದದ್ದೇ ತಡವಾಗಿ... ಆ ಪ್ರಮಾಣಪತ್ರದ ಅವಧಿ ಮುಗಿದು ಹೊಸದಕ್ಕೆ ಹಾಕಬೇಕಾದ ಈ ಸಲದ ಅರ್ಜಿಯನ್ನು ಅವ್ವನೇ ಕೂತು ತುಂಬಿದಳು. ಗಂಡನ ಹೆಸರಿನ ಜಾಗದಲ್ಲಿ ಅಡ್ಡಗೆರೆ ಎಳೆದಳು. ಕುಟುಂಬದ ಮುಖ್ಯಸ್ಥರು ಅಂದಲ್ಲಿ ತನ್ನ ಹೆಸರು ಬರೆದಳು. ತಪ್ಪಿದ್ದರೆ ತಿದ್ದಿಕೊಡಲು ಈಗ ಚಾಚಾ ಇಲ್ಲ. ನಾನೇ ಎರಡು ಸಲ ಓದಿದೆ.

ತಪ್ಪಿರಲಿಲ್ಲ.