ಸಿದ್ರಾಮಣ್ಣ ನೀರು ಬಿಟ್ಟದ್ದು

ಹೋದ ತಿಂಗಳು ನನ್ನ ಪಾಲುದಾರರು ನನ್ನ ಜೊತೆ ಮಾತು ಬಿಟ್ಟರು. ಪಾಲುದಾರರು ಮಾತು ಬಿಟ್ಟರೆ ಜನ ತಕ್ಷಣ ದುಡ್ಡಿನ ವಿಷಯ ಅಂದುಕೊಳ್ಳುತ್ತಾರೆ. ನಮ್ಮದು ನೀರಿನ ವಿಷಯ.

ಹೊಸ ಓದುಗರಿಗೆ ಒಂದು ಮಾತು ಹೇಳಿಬಿಡುತ್ತೇನೆ. ನಾನು ವಾರಕ್ಕೊಂದು ದಿನ ಬರೆಯುವವಳು, ಉಳಿದ ದಿನ ಉಕ್ಕು ಕೊಯ್ಯುವವಳು. ಪುಣೆಯ ಭೋಸರಿಯಲ್ಲಿ ನಮ್ಮದೊಂದು ಪುಟ್ಟ ವರ್ಕ್‌ಶಾಪ್. ಅರ್ಧ ನನ್ನದು, ಅರ್ಧ ಸಿದ್ರಾಮಣ್ಣನದು. ನಾನು ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿ, ಮದುವೆಯಾಗಿ ಇಲ್ಲಿಗೆ ಬಂದವಳು. ಅವರು ಅಕ್ಕಲಕೋಟೆಯವರು. ಮನೆಯಲ್ಲಿ ಕನ್ನಡ, ಗೇಟಿನಾಚೆ ಮರಾಠಿ, ಮಷಿನ್ ಕೆಟ್ಟಾಗ ಹಿಂದಿ.

ಕಾಯಿಸಿ, ತಣಿಸಿ ಗಟ್ಟಿ ಮಾಡಿದ ಉಕ್ಕಿನ ಬುಷ್‌ಗಳು, ಅಂದರೆ ದಪ್ಪ ಬಳೆಯಂಥ ಕೊಳವೆ ತುಂಡುಗಳು, ನಮ್ಮಲ್ಲಿಗೆ ಬರುತ್ತವೆ. ಅವನ್ನು ಲೇಥಿಗೆ ಕಟ್ಟಿ, ತಿರುಗಿಸಿ, ಕೂದಲೆಳೆಯಷ್ಟು ಕೊಯ್ದು ಸರಿಯಾದ ಅಳತೆಗೆ ತರುವುದು ನಮ್ಮ ಕೆಲಸ. ಕೊಯ್ಯುವಾಗ ಏಳುವ ಉಕ್ಕಿನ ಸಿಪ್ಪೆಗೆ ಚಿಪ್ಸ್ ಅಂತಾರೆ. (ನಮ್ಮ ಅತ್ತೆ ಮೊದಮೊದಲು, "ದಿನಾ ಅಷ್ಟು ಚಿಪ್ಸ್ ಮಾಡ್ತೀರಂತ, ಮನಿಗೆ ಒಂದೀಟು ತರಬಾರದೇನವಾ" ಅಂತ ಕೇಳಿದ್ದುಂಟು.)

ಕೊಯ್ದರೆ ಬಿಸಿಯಾಗುತ್ತದೆ. ಅದಕ್ಕೇ ಕೂಲಂಟ್. ಎಣ್ಣೆ ಬೆರೆಸಿದ, ಹಾಲಿನಂಥ ಬಿಳಿ ನೀರು. ಸಿದ್ರಾಮಣ್ಣನಿಗೆ ಅದು ಧೋ ಅಂತ ಸುರಿಯಲೇಬೇಕು. ಗುರುವಾರದ ರಜೆ ಮುಗಿಸಿ ಶುಕ್ರವಾರ ಶಟರ್ ಎತ್ತಿದರೆ, ಟ್ಯಾಂಕಿನಲ್ಲಿ ನಿಂತ ಆ ನೀರಿನ ವಾಸನೆಗೆ ಬೀದಿ ನಾಯಿ ಸಹ ದಾರಿ ಬದಲಿಸುತ್ತದೆ. ಅವರು ಮಾತ್ರ ಆರಾಮಾಗಿ ಒಳಗೆ ಹೋಗುತ್ತಾರೆ.

ಒಂದು ಗುರುವಾರ ಧನಕವಡಿಯ ಅವರ ಮನೆಗೆ ಊಟಕ್ಕೆ ಹೋಗಿದ್ದೆ. ಅವರ ಹೆಂಡತಿ ಗೌರಕ್ಕನ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಸಿದ್ರಾಮಣ್ಣ ರೊಟ್ಟಿಯನ್ನು ಪಲ್ಯದಲ್ಲಿ ನೆನೆಸಿ, ಮುಷ್ಟಿಯಲ್ಲಿ ಹಿಡಿದ ಚಮಚದಿಂದ ತಿನ್ನುತ್ತಿದ್ದರು. ಅಕ್ಕಲಕೋಟೆಯ ಮನುಷ್ಯ, ಎಣ್ಣೆಗಾಯಿ, ಚಮಚ. ಈ ಮೂರೂ ಒಂದೇ ಸಾಲಿನಲ್ಲಿ ಕೂರುವ ಮಾತುಗಳೇ?

ಅಡುಗೆಮನೆಯಲ್ಲಿ ಗೌರಕ್ಕನನ್ನು ಕೇಳಿದೆ. "ನನ್ನ ಬಾಯಿ ಬಿಡಸಬ್ಯಾಡ್ರಿ ವೈನಿ. ಅವರನ್ನ ಕೇಳ್ರಿ" ಅಂತ ಪಾತ್ರೆ ಕಡೆ ತಿರುಗಿಬಿಟ್ಟರು. (ವೈನಿ ಅಂದರೆ ಅತ್ತಿಗೆ. ಗಂಡ ಹೆಂಡತಿ ಇಬ್ಬರೂ ನನ್ನನ್ನು ಕರೆಯುವುದು ಹಾಗೇ.)

ಕೇಳುವ ಅಗತ್ಯ ಉಳಿಯಲಿಲ್ಲ. ಕೆಲವು ವಾರಗಳಿಂದ ಅವರು ವರ್ಕ್‌ಶಾಪಿನಲ್ಲಿ ಊಟದ ಹೊತ್ತಿಗೂ ಕೈಗವಸು ತೆಗೆಯುತ್ತಿರಲಿಲ್ಲ. ಕೂಲಂಟಿನಲ್ಲಿ ವರ್ಷಗಟ್ಟಲೆ ನೆನೆದರೆ ಕೆಲವರ ಚರ್ಮ ಒಡೆಯುತ್ತದೆ, ಗೊತ್ತಿದ್ದದ್ದೇ. ಆದರೆ ಸಿದ್ರಾಮಣ್ಣನಿಗೆ ನೇರವಾಗಿ "ಕೈ ತೋರಿಸಿ" ಅನ್ನುವುದು ಯಾರಿಂದ ಸಾಧ್ಯ? ನನ್ನಿಂದಂತೂ ಅಲ್ಲ.

ಹಾಗಾಗಿ ನಾನು ಒಂದು ಡಬ್ಬಿ ತಂದೆ. ಒಂದು ಬಟ್ಟಲು ಎಣ್ಣೆ, ಗಾಳಿಯ ಪೈಪು, ಪೆನ್ನಿನ ರೀಫಿಲ್ಲಿನಂಥ ನಳಿಕೆ. ಹನಿ ಎಣ್ಣೆಯನ್ನು ಮಂಜು ಮಾಡಿ, ಟೂಲ್, ಅಂದರೆ ಕೊಯ್ಯುವ ಅಲಗು, ಉಕ್ಕನ್ನು ಮುಟ್ಟುವ ಜಾಗಕ್ಕೆ ಮಾತ್ರ ಊದುತ್ತದೆ. ನೀರೇ ಬೇಡ. "ವಾಸನೆ ಹೋಗ್ತದ, ಟ್ಯಾಂಕ್ ತೊಳೆಯೋದು ತಪ್ತದ" ಅಂದೆ. ಕೈಯ ಸುದ್ದಿ ಎತ್ತಲಿಲ್ಲ.

ಸಿದ್ರಾಮಣ್ಣ ನಳಿಕೆಯನ್ನು ಮೂಗಿನ ಹತ್ತಿರ ಹಿಡಿದರು. "ಏನ್ರಿ ವೈನಿ ಇದು, ಅತ್ತರಾ? ಮದುವಿ ಮನಿಯಾಗ ಹೊಡೀತಾರಲ್ಲ, ಹಂಗ?"

ಮೊದಲ ಟ್ರಯಲ್ ಆಯಿತು. ಚಿಪ್ಸ್ ತುಂಡಾಗಲಿಲ್ಲ. ನೀಲಿ ಬಣ್ಣಕ್ಕೆ ತಿರುಗಿದ ಉದ್ದನೆಯ ರಿಬ್ಬನ್ ಹೊರಟಿತು. ಬುಷ್‌ಗೆ ಸುತ್ತಿ, ಟೂಲಿಗೆ ಸುತ್ತಿ, ನುಣ್ಣಗಿದ್ದ ಮೈಯನ್ನೆಲ್ಲ ಗೀರಿ ಹಾಕಿತು. ನೀರಿನ ಹೊಡೆತಕ್ಕೆ ಇಷ್ಟು ದಿನ ಮುರಿದು ಕೊಚ್ಚಿಹೋಗುತ್ತಿದ್ದದ್ದು ಈಗ ಮನಸೋಇಚ್ಛೆ ಬೆಳೆಯುತ್ತಿತ್ತು. ಸಿದ್ರಾಮಣ್ಣ ಮಷಿನ್ ಬಂದ್ ಮಾಡಿ, ಕೊಕ್ಕೆಯಿಂದ ಆ ಗೋಜಲು ಎಳೆದು, ತಣ್ಣಗಾದ ಮೇಲೆ ತಂದು ನನ್ನ ಟೇಬಲ್ ಮೇಲಿಟ್ಟರು.

"ಪ್ರಸಾದ" ಅಂದರು. ಅಷ್ಟೇ. ಆಮೇಲೆ ಮಾತಿಲ್ಲ.

ಒಂದೇ ಶೆಡ್ಡು. ನಡುವೆ ಒಂದು ಗಾಜಿನ ಗೋಡೆ. ಮಾತೆಲ್ಲ ವಾಟ್ಸಾಪಿನಲ್ಲಿ. "ಟೂಲ್ ತರಿಸಿ." "ಸರಿ." "ಚಹಾ ಬಂದಿದೆ." "ನೋಡಿದೆ." ನೀರು ಮತ್ತೆ ಧೋ ಅಂತ ಸುರಿಯತೊಡಗಿತು. ಡಬ್ಬಿ ಮೂಲೆ ಸೇರಿತು.

ಮುಂದಿನ ಗುರುವಾರ, ರಜೆಯ ದಿನ, ಯಾರೂ ಇಲ್ಲದಾಗ ನಾನೇ ಆ ಡಬ್ಬಿ ಹಚ್ಚಿ ನೋಡೋಣ ಅಂತ ಬೆಳಿಗ್ಗೆ ಹೋದೆ. ಶಟರ್ ಅರ್ಧ ತೆರೆದಿತ್ತು. ಒಳಗೆ ಮಷಿನ್ ಓಡುತ್ತಿತ್ತು, ನೀರಿನ ಸದ್ದಿರಲಿಲ್ಲ. ಸಿದ್ರಾಮಣ್ಣ ಅತ್ತರಿನ ಡಬ್ಬಿ ಜೋಡಿಸಿಕೊಂಡು ನಿಂತಿದ್ದರು. ಕೈಗವಸು ಇರಲಿಲ್ಲ.

ಬೆರಳ ಸಂದಿಗಳೆಲ್ಲ ಕೆಂಪಗೆ ಸೀಳಿದ್ದವು. ನಾನು ನೋಡಿದ್ದನ್ನು ಅವರೂ ನೋಡಿದರು. ಮಷಿನ್ ನಿಲ್ಲಿಸಿದರು.

"ಗೌರಿ ಹೇಳಿದಳೇನ್ರಿ?"

"ಇಲ್ಲ. ನಿಮ್ಮ ಚಮಚ ಹೇಳ್ತು."

"ಡಾಕ್ಟರ್ ನೀರಾಗ ಕೈ ಹಾಕಬ್ಯಾಡ ಅಂದಾರ. ನಿಮಗ ಹೇಳಿದ್ರ ನನ್ನ ಒಯ್ದು ಆಫೀಸಿನ್ಯಾಗ ಕೂಡಸ್ತೀರಿ. ಅಲ್ಲಿ ಕೂತು ನಾ ಏನ್ ಮಾಡ್ಲಿ, ನೀವು ಬರದದ್ದು ಓದ್ಲಾ?"

(ಓದುಗರೇ, ಇದನ್ನು ಅವರು ಶಿಕ್ಷೆ ಎಂಬ ಅರ್ಥದಲ್ಲೇ ಹೇಳಿದ್ದು.)

"ಮತ್ತ ಈ ಡಬ್ಬಿ ಬ್ಯಾಡಂದ್ರಲ್ಲ?"

"ಇದು ನಡೀಲಿಲ್ಲಂದ್ರ ಮುಂದ ಏನೂ ಇಲ್ಲಲ್ರಿ ವೈನಿ. ಅದಕ ಅಂಜಿಕಿ ಬಂತು."

ನಾನು ಸ್ಪ್ಯಾನರ್ ತೆಗೆದುಕೊಂಡೆ.

ಅಲ್ಲಿಯವರೆಗೆ ನಾವು ಎಣ್ಣೆಯ ಮಂಜನ್ನು ಬುಷ್ ಮೇಲೆ ಊದುತ್ತಿದ್ದೆವು. ನಾನು ನಳಿಕೆಯನ್ನು ಮೇಲಕ್ಕೆ ತಿರುಗಿಸಿದೆ, ಏಳುತ್ತಿರುವ ಸಿಪ್ಪೆಯ ಬೆನ್ನಿಗೆ ನೇರ ಬಡಿಯುವ ಹಾಗೆ. ಬೆನ್ನಿಗೆ ಎಣ್ಣೆ ತಾಗಿದರೆ ಸಿಪ್ಪೆ ಬಿಗಿಯಾಗಿ ಸುರುಳುತ್ತದೆ ಅಂತ ಎಲ್ಲೋ ಓದಿದ ನೆನಪು. ಸುರುಳಿತು, ಆದರೆ ಮುರಿಯಲಿಲ್ಲ. ಸಿದ್ರಾಮಣ್ಣ ಟೂಲ್ ಮುಂದೆ ಸರಿಯುವ ವೇಗವನ್ನು ತುಸು ಏರಿಸಿದರು. ಸಿಪ್ಪೆ ದಪ್ಪವಾಯಿತು. ನಿಲ್ಲಿಸೋದು, ತಿರುಗಿಸೋದು, ಮತ್ತೆ ಹಚ್ಚೋದು. ಎರಡು ಸಲ ನನ್ನ ಲೆಕ್ಕ ತಪ್ಪಿತು, ಒಂದು ಸಲ ಅವರ ಟೂಲ್ ತುದಿ ಹಾರಿತು. ಊಟದ ಹೊತ್ತಿಗೆ ಚಿಪ್ಸ್ ಸಣ್ಣ ಸಣ್ಣ ಸುರುಳಿಗಳಾಗಿ ಟಪಟಪ ಉದುರತೊಡಗಿತು.

ತಣ್ಣಗಾದ ಒಂದು ಸುರುಳಿಯನ್ನು ಭೂತಗನ್ನಡಿಯ ಕೆಳಗೆ ಇಟ್ಟೆವು. ಒಂದು ಅಂಚಿನಲ್ಲಿ ಗರಗಸದ ಹಾಗೆ ಹಲ್ಲು. ಮೆತ್ತನೆಯ ಉಕ್ಕು ಕಣಕದ ಹಾಗೆ ಎಳೆಯಾಗಿ ಬರುತ್ತದೆ. ಗಟ್ಟಿ ಉಕ್ಕಿಗೆ ಅದು ಬರುವುದಿಲ್ಲ. ತಡೆದು ತಡೆದು, ತಾಳಲಾರದಾದಾಗ ಬಿರುಕು ಬಿಟ್ಟು ಒಂದಿಷ್ಟು ಜಾರುತ್ತದೆ. ಮತ್ತೆ ತಡೆಯುತ್ತದೆ, ಮತ್ತೆ ಜಾರುತ್ತದೆ. ಒಂದೊಂದು ಸಲ ಜಾರಿದಾಗಲೂ ಒಂದೊಂದು ಹಲ್ಲು. ಬಿಸಿಯ ದೊಡ್ಡ ಪಾಲನ್ನು ಆ ಸಿಪ್ಪೆಯೇ ಹೊತ್ತುಕೊಂಡು ಹೊರಬೀಳುತ್ತದೆ. ಹಾಗಾಗಿಯೇ ಹನಿ ಎಣ್ಣೆ ಸಾಕಾಗುತ್ತದೆ.

"ಭಾಳ ಹಟಮಾರಿ ಅದ" ಅಂದರು ಸಿದ್ರಾಮಣ್ಣ, ಕನ್ನಡಿಯಿಂದ ಕಣ್ಣು ತೆಗೆಯದೆ. ನಾನು ಉಕ್ಕಿನ ಬಗ್ಗೆ ಅಂತಲೇ ತಿಳಿದುಕೊಂಡೆ.

ಯೋಚಿಸಿದರೆ ನಗು ಬರುತ್ತದೆ. ಅಷ್ಟು ದಿನ ಇಬ್ಬರೂ ಕೂಲಂಟಿನ ಬಗ್ಗೆ ಜಗಳವಾಡಿದೆವು. ವಿಷಯ ಕೈಯದು ಅಂತ ಇಬ್ಬರಿಗೂ ಗೊತ್ತಿತ್ತು. ಮನೆಗಳಲ್ಲೂ ಇದೇ ಅಲ್ಲವೇ? ಟಿವಿ ಸೌಂಡ್ ಜಾಸ್ತಿಯಾಯಿತು ಅಂತ ಕೂಗಾಡುತ್ತೇವೆ. ಅಪ್ಪನಿಗೆ ಕಿವಿ ಕೇಳಿಸುತ್ತಿಲ್ಲ ಅಂತ ಒಬ್ಬರೂ ಬಾಯಿಬಿಡುವುದಿಲ್ಲ.

ಈಗ ಆ ಬುಷ್‌ಗಳಿಗೆ ನೀರಿಲ್ಲ. ಸಿದ್ರಾಮಣ್ಣನ ಕೈ ಪೂರ್ತಿ ವಾಸಿಯಾಗಿಲ್ಲ, ಆದರೆ ಹೊಸ ಚರ್ಮ ಕಾಣುತ್ತಿದೆ. ಮುಲಾಮು ಹಚ್ಚಿಕೊಳ್ಳಲು ಗೌರಕ್ಕ ದಿನಾ ಫೋನ್ ಮಾಡಿ ನೆನಪಿಸುತ್ತಾರೆ, ಅದೂ ನನ್ನ ಫೋನಿಗೆ.

ಮೊನ್ನೆ ಒಬ್ಬ ಗಿರಾಕಿ ಬಂದು, ನೀರಿಲ್ಲದೆ ಓಡುತ್ತಿದ್ದ ಮಷಿನ್ ನೋಡಿ ದಂಗಾದರು. ಸಿದ್ರಾಮಣ್ಣ ಶುದ್ಧ ಮರಾಠಿಯಲ್ಲಿ, ಎದೆ ಸೆಟೆಸಿ, "ಇದು ನಮ್ಮ ಐಡಿಯಾ" ಅಂದರು.

ಆ 'ನಮ್ಮ'ದೊಳಗೆ ನಾನೂ ಇದ್ದೇನಾ ಅಂತ ಕೇಳಿ, ಮತ್ತೆ ವಾಟ್ಸಾಪಿಗೆ ಬೀಳುವ ಧೈರ್ಯ ಯಾರಿಗಿದೆ?